ಅಮೆರಿಕದ ಎಂ.ಎಸ್. ಓದಿನಲ್ಲಿ ಕೋ-ಆಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಬಿ.ಇ. ಮುಗಿಸಿ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟವರು ಮತ್ತು ಅವರ ತಂದೆತಾಯಿಯರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಗಳೆಲ್ಲ ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಅನ್ವಯಿಸುವಂಥವು. ನಾನೂ ಬಾಸ್ಟನ್ನಿನಲ್ಲಿ ಓದುತ್ತ ಕೋ-ಆಪ್ ಮುಗಿಸಿದವಳಾದ್ದರಿಂದ ನಿಯಮಗಳ ಜೊತೆಗೆ ನನ್ನ ಅಭಿಪ್ರಾಯವೂ ಅಲ್ಲಲ್ಲಿ ಸೇರಿಕೊಂಡಿದೆ.

ಕೋ-ಆಪ್ ಎಂದರೇನು? ಸಹಕಾರ ಸಂಘಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ?

ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಕೋ-ಆಪರೇಟಿವ್ ಎಂದೊಡನೆ ನಮಗೆ ಸೊಸೈಟಿಯೋ ಬ್ಯಾಂಕೋ ನೆನಪಾಗುವುದು ಸಹಜ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು 1905ರಲ್ಲಿ. ಕಾಕತಾಳೀಯವೆಂಬಂತೆ ಅದರ ಮರುವರ್ಷವೇ, ಅಂದರೆ 1906ರಲ್ಲಿ, ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಪ್ರಾಧ್ಯಾಪಕರು 27 ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಒಂದು ವಾರ ತರಗತಿಯಲ್ಲಿ ಕೂರಿಸಿ, ಮರುವಾರ ಕಾರ್ಖಾನೆಗೆ ಕಳುಹಿಸುವ ಕ್ರಮವನ್ನು ಆರಂಭಿಸಿ ಅದನ್ನು ಸಹಕಾರಿ ಶಿಕ್ಷಣವೆಂದು ಕರೆದರು. ಸಹಕಾರ ಇಲ್ಲಿ ವಿಶ್ವವಿದ್ಯಾಲಯಕ್ಕೂ ಉದ್ಯೋಗದಾತರಿಗೂ ನಡುವೆ ಇರುವಂಥದ್ದು. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ 1909ರಲ್ಲಿ, ರಾಚೆಸ್ಟರ್‌ನ ಆರ್‌ಐಟಿ 1912ರಲ್ಲಿ, ಫಿಲಡೆಲ್ಫಿಯಾದ ಡ್ರೆಕ್ಸೆಲ್ 1919ರಲ್ಲಿ ಇದೇ ಹಾದಿ ಹಿಡಿದವು. ಕನ್ನಡದ ವಿದ್ಯಾರ್ಥಿಗಳು ಕೋ-ಆಪ್ ಎಂಬ ಪದವನ್ನು ಮೊದಲು ಕೇಳುವುದು ಸಾಮಾನ್ಯವಾಗಿ ಈ ಮೂರರಲ್ಲಿ ಒಂದರ ಪ್ರವೇಶಪತ್ರ ತುಂಬುವಾಗಲೇ.

ಇಂದಿನ ರೂಪದಲ್ಲಿ ಕೋ-ಆಪ್ ಎಂದರೆ, ಓದಿನ ನಡುವೆ ನಾಲ್ಕರಿಂದ ಎಂಟು ತಿಂಗಳ ಕಾಲ, ಓದಿಗೆ ನೇರವಾಗಿ ಸಂಬಂಧಿಸಿದ ಪೂರ್ಣಾವಧಿ ಕೆಲಸವನ್ನು ಒಂದು ಪಠ್ಯವಿಷಯದಂತೆ ನೋಂದಾಯಿಸಿಕೊಂಡು ಮಾಡುವುದು. ಬೇಸಗೆಯ ಹತ್ತು-ಹನ್ನೆರಡು ವಾರಗಳಲ್ಲಿ ಮುಗಿಯುವ ಇಂಟರ್ನ್‌ಶಿಪ್‌ಗಿಂತ ಇದು ದೀರ್ಘ.

ಇದು ನಮ್ಮ ಕಾಲೇಜುಗಳ ಕ್ಯಾಂಪಸ್ ಪ್ಲೇಸ್‌ಮೆಂಟ್ ಇದ್ದಂತೆಯೇ?

ಅಲ್ಲ. ಅತಿ ಹೆಚ್ಚು ನಿರಾಸೆಗೆ ಕಾರಣವಾಗುವ ತಪ್ಪು ತಿಳಿವಳಿಕೆ ಇದೇ. ನಮ್ಮಲ್ಲಿ ಪ್ಲೇಸ್‌ಮೆಂಟ್ ಅಧಿಕಾರಿ ಕಂಪೆನಿಗಳನ್ನು ಕಾಲೇಜಿಗೆ ಕರೆತರುತ್ತಾರೆ; ಒಂದೇ ದಿನ ಲಿಖಿತ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ ಎಲ್ಲ ಮುಗಿದು ಸಂಜೆಗೆ ಪಟ್ಟಿ ಹೊರಬೀಳುತ್ತದೆ. ಕೋ-ಆಪ್ ವಿಭಾಗ ಆ ಕೆಲಸ ಮಾಡುವುದಿಲ್ಲ. ಅದು ಜಾಹೀರಾತುಗಳನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ, ಸಲಹೆಗಾರರನ್ನು ಒದಗಿಸುತ್ತದೆ, ರೆಸ್ಯೂಮೆ ತಿದ್ದಿಕೊಡುತ್ತದೆ. ಅರ್ಜಿ ಹಾಕುವುದು, ಬೆನ್ನುಬಿದ್ದು ವಿಚಾರಿಸುವುದು, ಸಂದರ್ಶನದಲ್ಲಿ ಗೆಲ್ಲುವುದು ಎಲ್ಲವೂ ವಿದ್ಯಾರ್ಥಿಯದೇ ಜವಾಬ್ದಾರಿ.

ಹಾಗಾದರೆ ಕೋ-ಆಪ್ ಸಿಗುವ ಖಾತರಿ ಇಲ್ಲವೇ?

ಇಲ್ಲ. ಪ್ರವೇಶಪತ್ರದಲ್ಲಿ "ಕೋ-ಆಪ್ ಸಹಿತ" ಎಂದು ಬರೆದಿದ್ದರೂ ಅದು ಅವಕಾಶದ ಮಾತೇ ಹೊರತು ವಾಗ್ದಾನವಲ್ಲ. ಕೆಲಸ ಸಿಗದ ವಿದ್ಯಾರ್ಥಿ ಆ ಅವಧಿಯಲ್ಲಿ ತರಗತಿಗಳಿಗೆ ನೋಂದಾಯಿಸಿಕೊಂಡು ಓದು ಮುಂದುವರಿಸುತ್ತಾನೆ, ಪದವಿಗೇನೂ ಅಡ್ಡಿಯಾಗದು. ಶೈಕ್ಷಣಿಕ ಸಾಲದ ಲೆಕ್ಕಪತ್ರ ಬರೆಯುವಾಗ ಕೋ-ಆಪ್ ಸಂಬಳವನ್ನು ಆದಾಯದ ಕಡೆ ಬರೆಯಬೇಡಿ ಎಂದು ನಾನು ಪ್ರತಿಯೊಬ್ಬ ತಂದೆತಾಯಿಗೂ ಹೇಳುತ್ತೇನೆ. ಎಲ್ಲ ಸೆಮಿಸ್ಟರುಗಳ ಶುಲ್ಕವೂ ಊಟ-ಬಾಡಿಗೆಯೂ ಆ ಸಂಬಳವಿಲ್ಲದೆ ನಡೆಯುವಂತಿರಬೇಕು. ಆಮೇಲೆ ಸಿಕ್ಕಿದ್ದು ಸಾಲ ಬೇಗ ತೀರಿಸಲು ಒದಗುತ್ತದೆ. ಮನೆಪತ್ರ ಅಡವಿಟ್ಟು ಸಾಲ ತೆಗೆದವರಿಗೆ ಈ ಮಾತು ಕಹಿಯೆನಿಸಬಹುದು, ಆದರೆ ವಿಮಾನ ಹತ್ತುವ ಮೊದಲೇ ಕೇಳಿಸಿಕೊಳ್ಳುವುದು ಲೇಸು.

ಕೆಲಸ ಮಾಡಲು ಕಾನೂನಿನ ಅನುಮತಿ ಯಾವುದು? ಪ್ರತ್ಯೇಕ ವೀಸಾ ಬೇಕೇ?

ಬೇರೆ ವೀಸಾ ಬೇಕಿಲ್ಲ. ಎಫ್-1 ವೀಸಾದ ಒಳಗೇ ಸಿಪಿಟಿ ಎಂಬ ಅನುಮತಿ ಇದೆ. ಪಠ್ಯಕ್ರಮದ ಭಾಗವಾದ ಪ್ರಾಯೋಗಿಕ ತರಬೇತಿ ಎಂಬುದು ಅದರ ಅರ್ಥ. ಅಮೆರಿಕದ ವಲಸೆ ನಿಯಮಾವಳಿ ಸಿಪಿಟಿಯನ್ನು ವಿವರಿಸುವಾಗ ಸಹಕಾರಿ ಶಿಕ್ಷಣವನ್ನು ಹೆಸರಿಸಿಯೇ ಹೇಳುತ್ತದೆ. ಈ ಅನುಮತಿಯನ್ನು ಕೊಡುವವರು ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿರುವ ಡಿಎಸ್‌ಒ ಎಂಬ ಅಧಿಕಾರಿ. ನೀವು ಆಫರ್ ಪತ್ರ ತಂದುಕೊಟ್ಟು, ಕೋ-ಆಪ್ ಪಠ್ಯವಿಷಯಕ್ಕೆ ನೋಂದಾಯಿಸಿಕೊಂಡ ಮೇಲೆ, ಅವರು ಸೆವಿಸ್ ಎಂಬ ಸರಕಾರಿ ದತ್ತಾಂಶದಲ್ಲಿ ಅದನ್ನು ದಾಖಲಿಸಿ, ಐ-20 ಎಂಬ ನಿಮ್ಮ ವಿದ್ಯಾರ್ಥಿ ಅರ್ಹತಾ ಪತ್ರವನ್ನು ಹೊಸದಾಗಿ ಮುದ್ರಿಸಿ ಕೊಡುತ್ತಾರೆ. ಅದರ ಎರಡನೆಯ ಪುಟದಲ್ಲಿ ಉದ್ಯೋಗದಾತರ ಹೆಸರು, ಆರಂಭದ ಮತ್ತು ಕೊನೆಯ ದಿನಾಂಕ, ಪೂರ್ಣಾವಧಿಯೋ ಅರೆಕಾಲಿಕವೋ ಎಂಬುದು ನಮೂದಾಗಿರುತ್ತದೆ. ಸರಕಾರಕ್ಕೆ ಕಟ್ಟಬೇಕಾದ ಶುಲ್ಕವಿಲ್ಲ, ಬೇರೆ ಕಾರ್ಡೂ ಬರುವುದಿಲ್ಲ.

ಕೋ-ಆಪ್ ಮಾಡುವವರು ಎಲ್ಲಕ್ಕಿಂತ ಎಚ್ಚರದಿಂದ ಓದಿಕೊಳ್ಳಬೇಕಾದ ಕಾಗದ ಈ ಎರಡನೆಯ ಪುಟ. ಅಲ್ಲಿ ಬರೆದ ಕಂಪೆನಿಗೆ, ಅಲ್ಲಿ ಬರೆದ ದಿನಾಂಕಗಳ ನಡುವೆ ಮಾತ್ರ ದುಡಿಯಬಹುದು. ಸೋಮವಾರ ಆರಂಭವೆಂದಿದ್ದರೆ ಹಿಂದಿನ ಶುಕ್ರವಾರ "ಸುಮ್ಮನೆ ಬಂದು ಪರಿಚಯ ಮಾಡಿಕೊಳ್ಳಿ, ಲ್ಯಾಪ್‌ಟಾಪ್ ಹೊಂದಿಸಿಕೊಳ್ಳಿ" ಎಂದು ಮ್ಯಾನೇಜರು ಪ್ರೀತಿಯಿಂದ ಕರೆದರೂ ಹೋಗಬಾರದು. ಕೊನೆಯ ದಿನದ ನಂತರ ಅರ್ಧಕ್ಕೆ ನಿಂತ ಕೋಡ್ ಮುಗಿಸಿಕೊಡುವುದೂ ಕೂಡದು. ಸಂಬಳ ಬಾರದಿದ್ದರೂ ಕೆಲಸ ಕೆಲಸವೇ; ಅನುಮತಿಯಿಲ್ಲದ ಕೆಲಸದಿಂದ ಎಫ್-1 ಸ್ಥಾನಮಾನಕ್ಕೇ ಧಕ್ಕೆ ಬರುತ್ತದೆ.

ಹೋದ ಕೂಡಲೇ ಕೋ-ಆಪ್ ಮಾಡಬಹುದೇ?

ಸಾಮಾನ್ಯವಾಗಿ ಆಗದು. ಒಂದು ಪೂರ್ಣ ಶೈಕ್ಷಣಿಕ ವರ್ಷ, ಅಂದರೆ ಎರಡು ಸೆಮಿಸ್ಟರು, ಪೂರ್ಣಾವಧಿ ಓದಿದ ಬಳಿಕವೇ ಸಿಪಿಟಿ ದೊರೆಯುತ್ತದೆ. ಸೆಪ್ಟೆಂಬರಿನಲ್ಲಿ ಸೇರಿದವರಿಗೆ ಮುಂದಿನ ಮೇ ತಿಂಗಳೇ ಮೊದಲ ಅವಕಾಶ. ಪಠ್ಯಕ್ರಮವೇ ಆರಂಭದಿಂದ ತರಬೇತಿಯನ್ನು ಕಡ್ಡಾಯಗೊಳಿಸಿದ್ದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ.

ಈ ವಿನಾಯಿತಿಯನ್ನೇ ಬಂಡವಾಳ ಮಾಡಿಕೊಂಡು "ಮೊದಲ ದಿನದಿಂದಲೇ ಸಿಪಿಟಿ" ಎಂದು ಜಾಹೀರಾತು ಕೊಡುವ ಸಂಸ್ಥೆಗಳಿವೆ. ಮುಂದೆ ಎಚ್-1ಬಿ ಎಂಬ ಕೆಲಸದ ವೀಸಾದ ಅರ್ಜಿಯ ಹೊತ್ತಿಗೆ ಅಧಿಕಾರಿಗಳು ಅಂಥ ಓದನ್ನು ಕೆದಕಿ ಪ್ರಶ್ನಿಸುವುದುಂಟು. ತರಗತಿಗೆ ನಿಜವಾಗಿ ಹೋಗಿದ್ದಿರಾ, ಕೆಲಸಕ್ಕೂ ಓದಿಗೂ ಏನು ನಂಟು ಎಂಬುದಕ್ಕೆ ಪುರಾವೆ ಕೇಳುತ್ತಾರೆ. 2019ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಅದು ವಲಸೆ ಇಲಾಖೆಯ ಅಧಿಕಾರಿಗಳೇ ಬಲೆಯಾಗಿ ಒಡ್ಡಿದ್ದ ನಕಲಿ ಸಂಸ್ಥೆ. ತರಗತಿಗಳೇ ಇಲ್ಲದ ಅಲ್ಲಿಗೆ ಶುಲ್ಕ ಕಟ್ಟಿ, ಸಿಪಿಟಿ ಕಾಗದ ಹಿಡಿದು ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ಬಂಧನಕ್ಕೊಳಗಾದವರು ಬಹುತೇಕ ಭಾರತೀಯರು. ಬಲೆ ಒಡ್ಡಿದ್ದು ನ್ಯಾಯವೇ ಎಂಬ ಚರ್ಚೆ ಬೇರೆ. ಓದಿಲ್ಲದ ಸಿಪಿಟಿ ಎಂಬುದು ಇಲ್ಲ ಎಂಬುದಂತೂ ಅದರಿಂದ ಸ್ಪಷ್ಟವಾಯಿತು.

ಹನ್ನೆರಡು ತಿಂಗಳ ಮಿತಿ ಎಂದರೇನು? ಅದಕ್ಕೆ ಎಲ್ಲರೂ ಏಕೆ ಹೆದರುತ್ತಾರೆ?

ಪದವಿ ಮುಗಿದ ಮೇಲೆ ಒಪಿಟಿ ಎಂಬ ಇನ್ನೊಂದು ಅನುಮತಿಯಡಿ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತದ ಪದವೀಧರರಿಗೆ ಅದರ ಮೇಲೆ ಇನ್ನೂ 24 ತಿಂಗಳ ವಿಸ್ತರಣೆ ಸಿಗುತ್ತದೆ. ಆದರೆ ಓದುವಾಗಲೇ ಪೂರ್ಣಾವಧಿ ಸಿಪಿಟಿಯಲ್ಲಿ ಒಂದು ವರ್ಷ ಅಥವಾ ಹೆಚ್ಚು ಕಳೆದವರು ಆ ಪದವಿಯ ಒಪಿಟಿಯ ಅರ್ಹತೆಯನ್ನೇ ಕಳೆದುಕೊಳ್ಳುತ್ತಾರೆ. ಮೂರು ವರ್ಷದ ಅವಕಾಶ ನಾಲ್ಕಾರು ದಿನಗಳ ಲೆಕ್ಕತಪ್ಪಿನಿಂದ ಹೋಗಬಹುದಾದ್ದರಿಂದಲೇ ಈ ಹೆದರಿಕೆ.

ಆದ್ದರಿಂದ ತಿಂಗಳ ಲೆಕ್ಕ ಬಿಟ್ಟು ದಿನಗಳನ್ನೇ ಎಣಿಸಿ. ಉದಾಹರಣೆಗೆ, 2025ರ ಜನವರಿ 6ರಿಂದ ಆಗಸ್ಟ್ 29ರವರೆಗಿನ ಎಂಟು ತಿಂಗಳ ಕೋ-ಆಪ್ ಎಂದರೆ 236 ದಿನ. ಮರುವರ್ಷ ಮೇ 4ರಿಂದ ಆಗಸ್ಟ್ 28ರವರೆಗೆ ಇನ್ನೊಂದು ಮಾಡಿದರೆ 117 ದಿನ. ಒಟ್ಟು 353, ಮಿತಿಯ ಒಳಗೇ ಇದೆ. ಎರಡನೆಯ ಕಂಪೆನಿಯವರು "ಇನ್ನೆರಡು ವಾರ ಉಳಿಯಿರಿ" ಎಂದರೆ ಮಾತ್ರ ಲೆಕ್ಕ 367ಕ್ಕೆ ಹಾರಿ ಒಪಿಟಿ ಕೈಬಿಡುತ್ತದೆ. ಇಲ್ಲಿ ಗಣನೆಗೆ ಬರುವುದು ಐ-20ರಲ್ಲಿ ಮಂಜೂರಾದ ದಿನಾಂಕಗಳು, ನೀವು ಕಚೇರಿಗೆ ಹೋದ ದಿನಗಳಲ್ಲ. ಕೆಲಸ ಬೇಗ ಮುಗಿದರೆ ಕೂಡಲೇ ಡಿಎಸ್‌ಒಗೆ ತಿಳಿಸಿ ದಾಖಲೆಯಲ್ಲೂ ಕೊನೆಯ ದಿನಾಂಕವನ್ನು ತಿದ್ದಿಸಿ. ವಾರಕ್ಕೆ 20 ಗಂಟೆ ಅಥವಾ ಕಡಿಮೆಯ ಅರೆಕಾಲಿಕ ಸಿಪಿಟಿ ಈ ಲೆಕ್ಕಕ್ಕೆ ಬರುವುದಿಲ್ಲ.

ಕೋ-ಆಪ್ ಅವಧಿಯಲ್ಲಿ ಶುಲ್ಕ ಕಟ್ಟಬೇಕೇ?

ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಕೆಲವೆಡೆ ಬೋಧನಾ ಶುಲ್ಕ ಪೂರ್ಣ ಮಾಫಿ, ಕೆಲವೆಡೆ ಒಂದು ಕ್ರೆಡಿಟ್‌ನಷ್ಟು ಕಟ್ಟಬೇಕು. ಆರೋಗ್ಯ ವಿಮೆಯ ಕಂತು ಮಾತ್ರ ಸಾಮಾನ್ಯವಾಗಿ ತಪ್ಪುವುದಿಲ್ಲ. ಓದು ಆ ಅವಧಿಯಷ್ಟು ಮುಂದಕ್ಕೆ ಹೋಗುತ್ತದೆ ಎಂಬುದನ್ನು ಊರಿನ ಬ್ಯಾಂಕಿಗೆ ಮೊದಲೇ ಪತ್ರ ಮುಖೇನ ತಿಳಿಸಿ; ಮರುಪಾವತಿ ಆರಂಭವಾಗುವ ದಿನವನ್ನು ಬ್ಯಾಂಕು ಹಳೆಯ ಮುಕ್ತಾಯ ದಿನಾಂಕದಿಂದಲೇ ಲೆಕ್ಕ ಹಾಕಿಕೊಂಡಿರುತ್ತದೆ.

ರೆಸ್ಯೂಮೆ ಮತ್ತು ಸಂದರ್ಶನದಲ್ಲಿ ನಮ್ಮವರು ಎಡವುವುದು ಎಲ್ಲಿ?

ರೆಸ್ಯೂಮೆಯ ತಪ್ಪುಗಳು ಬೇಗ ತಿದ್ದುವಂಥವು. ಒಂದೇ ಪುಟ ಇರಲಿ. ಭಾವಚಿತ್ರ, ತಂದೆಯ ಹೆಸರು, ಜನ್ಮದಿನಾಂಕ, ವೈವಾಹಿಕ ಸ್ಥಿತಿ ಯಾವುದೂ ಬೇಡ. "ಮೇಲಿನ ವಿವರಗಳೆಲ್ಲ ಸತ್ಯ" ಎಂಬ ಕೊನೆಯ ಘೋಷಣೆಯೂ ಬೇಡ. ಬೆಂಗಳೂರಿನ ಕಂಪೆನಿಯಲ್ಲಿ ಎರಡು ಮೂರು ವರ್ಷ ದುಡಿದು ಹೋದವರು ಯೋಜನೆಯ ವಿವರಣೆಗೇ ಅರ್ಧ ಪುಟ ಕೊಟ್ಟು, ಅದರಲ್ಲಿ ತಾವು ಮಾಡಿದ್ದೇನು ಎಂಬುದನ್ನು ಒಂದು ಸಾಲಿಗೆ ಇಳಿಸಿರುತ್ತಾರೆ. ಅದನ್ನು ತಲೆಕೆಳಗು ಮಾಡಬೇಕು.

ಸಂದರ್ಶನದ ತೊಡಕು ಇನ್ನಷ್ಟು ಆಳದ್ದು. ಕೋಡಿಂಗ್ ಸುತ್ತನ್ನು ಅಭ್ಯಾಸದಿಂದ ದಾಟಬಹುದು. "ಸಹೋದ್ಯೋಗಿಯೊಡನೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?" ಎಂಬಂಥ ಪ್ರಶ್ನೆಗೆ ನಮ್ಮ ನಾಲಗೆ ಹೊರಳುವುದಿಲ್ಲ. "ನಾನು ಮಾಡಿದೆ" ಎನ್ನುವುದು ಜಂಬವೆಂದು ಕಲಿತು ಬೆಳೆದ ನಾವು, ಒಬ್ಬರೇ ರಾತ್ರಿಯೆಲ್ಲ ಕೂತು ಮುಗಿಸಿದ್ದನ್ನೂ "ನಾವು ಮಾಡಿದೆವು" ಎಂದೇ ಹೇಳುತ್ತೇವೆ. ಎದುರಿಗೆ ಕೂತವರಿಗೆ ಅದು ವಿನಯವಾಗಿ ಕೇಳಿಸುವುದಿಲ್ಲ; ಈ ವ್ಯಕ್ತಿಯ ಪಾಲು ಏನೂ ಇರಲಿಲ್ಲವೇನೋ ಎಂಬ ಅನುಮಾನ ಮೂಡುತ್ತದೆ. ನನಗೆ ಮೊದಲ ನಾಲ್ಕು ಸಂದರ್ಶನಗಳಲ್ಲಿ ಆದದ್ದು ಇದೇ. ಐದನೆಯದಕ್ಕೆ ಮುನ್ನ ಸಲಹೆಗಾರರೊಬ್ಬರು ನನ್ನ ಅಣಕು ಸಂದರ್ಶನವನ್ನು ಧ್ವನಿಮುದ್ರಿಸಿ ಕೇಳಿಸಿದಾಗ, ಇಪ್ಪತ್ತು ನಿಮಿಷದಲ್ಲಿ ಒಂದು ಸಲವೂ ನಾನು ಎಂಬ ಪದ ಬಂದಿರಲಿಲ್ಲ. ಆರೇಳು ಪ್ರಸಂಗಗಳನ್ನು, ಸನ್ನಿವೇಶವೇನು, ನನ್ನ ಹೊಣೆಯೇನು, ನಾನು ಏನು ಮಾಡಿದೆ, ಫಲವೇನಾಯಿತು ಎಂಬ ಕ್ರಮದಲ್ಲಿ ಬರೆದುಕೊಂಡು, ಕೋಣೆಯಲ್ಲಿ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳುವುದೇ ಇದಕ್ಕೆ ಮದ್ದು.

ಅರ್ಜಿಯಲ್ಲಿ "ಈಗ ಅಥವಾ ಮುಂದೆ ಪ್ರಾಯೋಜಕತ್ವ ಬೇಕೇ?" ಎಂದು ಕೇಳುತ್ತಾರೆ. ಏನು ಉತ್ತರಿಸಬೇಕು?

ಸತ್ಯವನ್ನೇ. ಪ್ರಾಯೋಜಕತ್ವ ಎಂದರೆ ಕೆಲಸದ ವೀಸಾಕ್ಕಾಗಿ ಕಂಪೆನಿಯೇ ನಿಮ್ಮ ಪರವಾಗಿ ಸರಕಾರಕ್ಕೆ ಅರ್ಜಿ ಹಾಕುವುದು. ಕೋ-ಆಪ್ ಮಟ್ಟಿಗೆ ಕಂಪೆನಿ ಏನನ್ನೂ ಪ್ರಾಯೋಜಿಸಬೇಕಿಲ್ಲ, ಸಿಪಿಟಿ ಸಾಕು. ಪದವಿಯ ನಂತರ ದೀರ್ಘಕಾಲ ಉಳಿಯುವುದಾದರೆ ಎಚ್-1ಬಿ ಬೇಕಾಗುತ್ತದೆ. ಪ್ರಶ್ನೆ ಎರಡನ್ನೂ ಒಟ್ಟಿಗೆ ಕೇಳಿದ್ದರೆ ಹೌದೆನ್ನಬೇಕು. ವಿವರಿಸಲು ಜಾಗವಿದ್ದರೆ ಕೋ-ಆಪ್‌ಗೆ ಖರ್ಚೂ ಇಲ್ಲ, ಸರಕಾರಿ ಅರ್ಜಿಯೂ ಇಲ್ಲ ಎಂದು ಬರೆಯಿರಿ. ಸಣ್ಣ ಕಂಪೆನಿಗಳ ಎಷ್ಟೋ ವ್ಯವಸ್ಥಾಪಕರಿಗೆ ಇದು ತಿಳಿದಿರುವುದಿಲ್ಲ. ಅಮೆರಿಕದ ನಾಗರಿಕರು ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಎಂದು ನಮೂದಿಸಿದ ರಕ್ಷಣಾ ಕ್ಷೇತ್ರದ ಕೆಲಸಗಳು ರಫ್ತು ನಿಯಂತ್ರಣ ಕಾನೂನಿಗೆ ಒಳಪಟ್ಟಿರುತ್ತವೆ. ಅಲ್ಲಿ ಅರ್ಜಿ ಹಾಕುವುದು ಕಾಲಹರಣ. ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಓದುವವರು ವಿಷಯ ಆರಿಸಿಕೊಳ್ಳುವಾಗಲೇ ಇದನ್ನು ಗಮನಿಸಬೇಕು.

ಒಪ್ಪಿಕೊಂಡ ಆಫರನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದೇ?

ಹೋಗಬೇಡಿ. ಬೆಂಗಳೂರಿನಲ್ಲಿ ಮೂರು ಆಫರ್ ಕೈಯಲ್ಲಿಟ್ಟುಕೊಂಡು ಕೊನೆಯ ದಿನ ತೀರ್ಮಾನಿಸುವುದು ರೂಢಿಯಾಗಿಬಿಟ್ಟಿದೆ. ಕೋ-ಆಪ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹಿಂದೆ ಸರಿದರೆ ವಿಶ್ವವಿದ್ಯಾಲಯ ನಿಮ್ಮನ್ನು ಕೋ-ಆಪ್ ಕಾರ್ಯಕ್ರಮದಿಂದಲೇ ಹೊರಗಿಡಬಹುದು. ಆ ಕಂಪೆನಿ ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚಲೂಬಹುದು.

ಕಂಪೆನಿಯೇ ಹಿಂದೆ ಸರಿದರೆ?

ಈ ವ್ಯವಸ್ಥೆ ಅಸಮಾನ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಬಹುಪಾಲು ಉದ್ಯೋಗಗಳಲ್ಲಿ ಯಾವ ಪಕ್ಷವೂ ಯಾವಾಗ ಬೇಕಾದರೂ ಸಂಬಂಧ ಕಡಿದುಕೊಳ್ಳಬಹುದು. ನನ್ನ ಮೊದಲ ಆಫರ್, ಆರಂಭದ ದಿನಕ್ಕೆ ಒಂಬತ್ತು ದಿನ ಮುಂಚೆ, ಎರಡು ಸಾಲಿನ ಇ-ಮೇಲ್ ಮೂಲಕ ರದ್ದಾಯಿತು. ಅಷ್ಟರಲ್ಲಿ ನಾನು ಇನ್ನೊಂದು ಊರಿನಲ್ಲಿ ಕೋಣೆಗೆ ಮುಂಗಡ ಕೊಟ್ಟಾಗಿತ್ತು. ಆ ಗಳಿಗೆಯಲ್ಲಿ ಮಾಡಬೇಕಾದ ಕೆಲಸ ಎರಡು: ಅದೇ ದಿನ ಡಿಎಸ್‌ಒಗೆ ತಿಳಿಸಿ ಸಿಪಿಟಿ ರದ್ದುಪಡಿಸಿಕೊಳ್ಳುವುದು, ಮತ್ತು ತರಗತಿ ನೋಂದಣಿಯ ಗಡುವು ಮುಗಿಯುವ ಮೊದಲು ಪೂರ್ಣಾವಧಿ ಕ್ರೆಡಿಟ್‌ಗಳಿಗೆ ಸೇರಿಕೊಳ್ಳುವುದು. ಕೆಲಸವೂ ಇಲ್ಲದೆ ತರಗತಿಯೂ ಇಲ್ಲದೆ ಸೆಮಿಸ್ಟರು ನಡೆದರೆ ಎಫ್-1 ಸ್ಥಾನಮಾನ ಉಳಿಯುವುದಿಲ್ಲ. ದುಃಖಪಡಲು ಆಮೇಲೆ ಸಮಯ ಸಿಗುತ್ತದೆ.

ಕೆಲಸ ಬೇರೆ ಊರಿನಲ್ಲಿ ಸಿಕ್ಕರೆ ಮನೆಯ ಕಥೆ ಏನು?

ಬಾಸ್ಟನ್ನಿನಲ್ಲಿ ಬಹುಪಾಲು ಬಾಡಿಗೆ ಕರಾರುಗಳು ಸೆಪ್ಟೆಂಬರ್ 1ಕ್ಕೆ ಆರಂಭವಾಗಿ ವರ್ಷಪೂರ್ತಿ ಇರುತ್ತವೆ. ಜನವರಿಯಲ್ಲಿ ಸಿಯಾಟಲಿಗೆ ಹೊರಟರೂ ಬಾಡಿಗೆಯ ಹೊಣೆ ನಿಮ್ಮ ಹೆಗಲ ಮೇಲೇ. ಕರಾರಿಗೆ ಸಹಿ ಹಾಕುವಾಗಲೇ ನಿಮ್ಮ ಕೋಣೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಡಲು ಅವಕಾಶವಿದೆಯೇ ಎಂದು ನೋಡಿಕೊಳ್ಳಿ. ವಿಳಾಸ ಬದಲಾದ 10 ದಿನಗಳೊಳಗೆ ವಿಶ್ವವಿದ್ಯಾಲಯಕ್ಕೆ ತಿಳಿಸುವುದು ಕಾನೂನಿನ ಕಟ್ಟಳೆ.

ಸಂಬಳದಲ್ಲಿ ಏನೇನು ಕಡಿತವಾಗುತ್ತದೆ?

ಮೊದಲು ಎಸ್‌ಎಸ್‌ಎನ್ ಎಂಬ ಸಾಮಾಜಿಕ ಭದ್ರತಾ ಸಂಖ್ಯೆ ಪಡೆಯಬೇಕು. ಸಿಪಿಟಿ ಇರುವ ಐ-20 ಹಿಡಿದು ಕೆಲಸದ ಆರಂಭಕ್ಕೆ 30 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಬಳಿಕ ಅಮೆರಿಕದ ಕೇಂದ್ರ ಸರಕಾರದ ಆದಾಯ ತೆರಿಗೆ, ಕೆಲಸದ ರಾಜ್ಯದ ತೆರಿಗೆ ಕಡಿತವಾಗುತ್ತವೆ. ವಾಷಿಂಗ್ಟನ್ ಮತ್ತು ಟೆಕ್ಸಾಸ್ ರಾಜ್ಯಗಳು ಸಂಬಳದ ಮೇಲೆ ತೆರಿಗೆ ಹಾಕುವುದಿಲ್ಲ, ಮಸಾಚುಸೆಟ್ಸ್ ಶೇ. 5ರಷ್ಟು ಹಾಕುತ್ತದೆ.

ನಮ್ಮ ವಿದ್ಯಾರ್ಥಿಗಳು ಅರಿಯದೆ ಹಣ ಕಳೆದುಕೊಳ್ಳುವುದು ಇನ್ನೆರಡು ಕಡೆ. ಒಂದು, ಸಾಮಾಜಿಕ ಭದ್ರತೆ (ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಹೆಸರಿನಲ್ಲಿ ಕಡಿತವಾಗುವ ಶೇ. 7.65. ಅಮೆರಿಕಕ್ಕೆ ಬಂದ ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ ತೆರಿಗೆಯ ದೃಷ್ಟಿಯಿಂದ ಅನಿವಾಸಿಯಾಗಿರುವ ಎಫ್-1 ವಿದ್ಯಾರ್ಥಿಗೆ ಇದರಿಂದ ವಿನಾಯಿತಿ ಇದೆ. ಮೊದಲ ಸಂಬಳದ ಚೀಟಿಯನ್ನು ನೋಡಿ. ಕಡಿತವಾಗಿದ್ದರೆ ಕಂಪೆನಿಯ ವೇತನ ವಿಭಾಗಕ್ಕೆ ಬರೆದು ವಾಪಸು ಪಡೆಯಿರಿ. ಅವರು ಒಪ್ಪದಿದ್ದರೆ 843ನೇ ನಮೂನೆಯಲ್ಲಿ ತೆರಿಗೆ ಇಲಾಖೆಯನ್ನೇ ಕೇಳಬಹುದು. ಎರಡು, ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ. ಅನಿವಾಸಿಗಳಿಗೆ ಸಾಮಾನ್ಯವಾಗಿ ಸಿಗದ ಪ್ರಮಾಣಿತ ಕಡಿತವನ್ನು (ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ) ಅದು ಭಾರತದ ವಿದ್ಯಾರ್ಥಿಗಳಿಗೆ ಕೊಡುತ್ತದೆ. 2024ನೇ ತೆರಿಗೆ ವರ್ಷಕ್ಕೆ ಒಂಟಿ ವ್ಯಕ್ತಿಗೆ ಅದು 14,600 ಡಾಲರ್ ಇತ್ತು. ಏಪ್ರಿಲ್ 15ರೊಳಗೆ ಸಲ್ಲಿಸಬೇಕಾದದ್ದು ಅನಿವಾಸಿಗಳಿಗೆಂದೇ ಇರುವ 1040-ಎನ್‌ಆರ್ ಮತ್ತು 8843 ನಮೂನೆಗಳು. ಅಮೆರಿಕನ್ ಸಹಪಾಠಿಗಳು ಬಳಸುವ ತಂತ್ರಾಂಶದಲ್ಲಿ ನಿವಾಸಿಗಳ 1040 ತುಂಬಿ ಕಳಿಸಿ, ಆಮೇಲೆ ತಿದ್ದುಪಡಿ ಸಲ್ಲಿಸಲು ಪರದಾಡಿದವರನ್ನು ಪ್ರತಿವರ್ಷ ನೋಡುತ್ತೇನೆ.

ಕೋ-ಆಪ್ ನಡುವೆ ಊರಿಗೆ ಬಂದು ಹೋಗಬಹುದೇ?

ರಜೆ ಸಿಕ್ಕರೆ ಬರಬಹುದು. ಐ-20ರ ಮೇಲೆ ಡಿಎಸ್‌ಒ ಹಾಕಿದ, ಒಂದು ವರ್ಷದೊಳಗಿನ ಪ್ರಯಾಣ ಸಹಿ, ಅವಧಿ ಮೀರದ ವೀಸಾ, ಆಫರ್ ಪತ್ರ ಜೊತೆಗಿರಲಿ. ವೀಸಾ ಅವಧಿ ಮುಗಿದಿದ್ದರೆ ಮರಳುವ ಮೊದಲು ಚೆನ್ನೈಯಂಥ ಕಡೆ ಇರುವ ಅಮೆರಿಕದ ಕಾನ್ಸುಲೇಟಿನಲ್ಲಿ ಹೊಸ ಮುದ್ರೆ ಹಾಕಿಸಬೇಕು. ಅದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಮೊದಲೇ ಹೇಳಲಾಗದು. ಅಕ್ಕನ ಮದುವೆಗೆಂದು ಹತ್ತು ದಿನದ ರಜೆ ಹಾಕಿ ಬಂದು ಮುದ್ರೆಗಾಗಿ ಕಾಯುತ್ತ ಕೂತರೆ, ಕೋ-ಆಪ್ ಅವಧಿಯೇ ಊರಿನಲ್ಲಿ ಕರಗಿಹೋಗುತ್ತದೆ. ಊರಿನಿಂದಲೇ ಕೆಲಸ ಮಾಡುತ್ತೇನೆ ಎನ್ನುವುದಕ್ಕೂ ಕಂಪೆನಿಯ ಲಿಖಿತ ಒಪ್ಪಿಗೆ ಬೇಕು.

ಕೋ-ಆಪ್ ಮುಗಿದ ಮೇಲೆ ಏನೇನು ಮಾಡಬೇಕು?

ಮೇಲ್ವಿಚಾರಕರ ಮೌಲ್ಯಮಾಪನವನ್ನು ಮತ್ತು ನಿಮ್ಮ ವರದಿಯನ್ನು ಗಡುವಿನೊಳಗೆ ಸಲ್ಲಿಸಿ. ಇವಿಲ್ಲದಿದ್ದರೆ ಆ ಪಠ್ಯವಿಷಯದಲ್ಲಿ ಉತ್ತೀರ್ಣರಾಗುವುದಿಲ್ಲ. ಬಹುತೇಕ ಕಡೆ ಕೋ-ಆಪ್ ನಂತರ ಕನಿಷ್ಠ ಒಂದು ಅವಧಿಯಾದರೂ ತರಗತಿಗೆ ಮರಳಬೇಕು, ಆದ್ದರಿಂದ ಒಂದಿಷ್ಟು ಕ್ರೆಡಿಟ್ ಉಳಿಸಿಕೊಂಡಿರಿ. ಪದವಿಯ ಮುಕ್ತಾಯ ದಿನಾಂಕಕ್ಕೆ 90 ದಿನ ಮೊದಲಿನಿಂದ, ಅದು ಕಳೆದು 60 ದಿನಗಳವರೆಗೆ ಒಪಿಟಿ ಅರ್ಜಿ ಹಾಕಬಹುದು. ಬಾಗಿಲು ತೆರೆದ ದಿನವೇ ಹಾಕುವುದು ಒಳ್ಳೆಯದು, ಏಕೆಂದರೆ ಸಿಪಿಟಿಯಂತೆ ಇದು ಡಿಎಸ್‌ಒ ಕೈಯಲ್ಲಿ ಮುಗಿಯುವುದಿಲ್ಲ, ವಲಸೆ ಇಲಾಖೆಯೇ ಮಂಜೂರು ಮಾಡಬೇಕು. ಮತ್ತು ಹಳೆಯ ಐ-20ಗಳಲ್ಲಿ ಒಂದನ್ನೂ ಎಸೆಯಬೇಡಿ. ಐದಾರು ವರ್ಷ ಕಳೆದು ಎಚ್-1ಬಿ ಅಥವಾ ಹಸಿರು ಕಾರ್ಡಿನ ಅರ್ಜಿಯ ಹೊತ್ತಿಗೆ ವಕೀಲರು ಕೇಳುವುದು ಕೋ-ಆಪ್ ದಿನಾಂಕಗಳಿರುವ ಅದೇ ಎರಡನೆಯ ಪುಟವನ್ನು.